ಹೊಂದಿಸಿ ಬರೆಯಿರಿ ಪಟ್ಟಿಯ ಆಚೆಗಿನ ಆವಿಷ್ಕಾರಗಳು

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಆ ಪ್ರಶ್ನೆ ನೆನಪಿರುತ್ತದೆ. ‘ಅ’ ಪಟ್ಟಿಯಲ್ಲಿ ಜೇಮ್ಸ್ ವ್ಯಾಟ್, ಎಡಿಸನ್, ಗ್ರಹಾಂ ಬೆಲ್, ಮಾರ್ಕೋನಿ. ‘ಬ’ ಪಟ್ಟಿಯಲ್ಲಿ ರೇಡಿಯೊ, ಉಗಿಯಂತ್ರ, ದೂರವಾಣಿ, ವಿದ್ಯುತ್ ದೀಪ. ಹೊಂದಿಸಿ ಬರೆಯಿರಿ. ಸರಿಯಾಗಿ ಹೊಂದಿಸಿದರೆ ನಾಲ್ಕು ಅಂಕ. ಪರೀಕ್ಷೆ ಮುಗಿದ ಮೇಲೆ ಆ ಹೆಸರುಗಳೂ ಆ ವಸ್ತುಗಳೂ ಒಂದನ್ನೊಂದು ಬಿಟ್ಟು ಹೊರಟುಹೋಗುತ್ತವೆ. ಉಗಿಯಂತ್ರ ಯಾಕೆ ಬೇಕಾಗಿತ್ತು, ಅದಕ್ಕಿಂತ ಮೊದಲು ಜನ ಏನು ಮಾಡುತ್ತಿದ್ದರು, ಅದು ಮೊದಲ ಸಲಕ್ಕೇ ಸರಿಯಾಗಿ ನಡೆಯಿತೇ ಎಂದು ಕೇಳಲು ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮೂರ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳೊಡನೆ ಕುಳಿತು ಓದುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಐದನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳು ಬರುತ್ತಾರೆ. ಕಪಾಟಿನಲ್ಲಿ ವಿಜ್ಞಾನಿಗಳ ಬಗೆಗಿನ ಪುಸ್ತಕಗಳು ಬೇಕಾದಷ್ಟಿವೆ. ಬಹುಪಾಲು ಒಂದೇ ಅಚ್ಚಿನವು: ಮೇಲೆ ಗಡ್ಡದ ಚಿತ್ರ, ಕೆಳಗೆ ಹುಟ್ಟಿದ ಊರು ಮತ್ತು ವರ್ಷ, ಬಡತನ, ಅಪಾರ ಪರಿಶ್ರಮ, ಒಂದು ದಿನ ಹೊಳೆದ ಉಪಾಯ, ಕೀರ್ತಿ, ಮರಣ. ಮಕ್ಕಳು ಅವುಗಳನ್ನು ತೆರೆದು ಚಿತ್ರ ನೋಡಿ ಮುಚ್ಚಿಬಿಡುತ್ತಾರೆ. ತಪ್ಪು ಮಕ್ಕಳದಲ್ಲ. ಒಬ್ಬ ಮನುಷ್ಯನನ್ನು ಅವನ ಜನ್ಮದಿನಾಂಕದಿಂದ ಪರಿಚಯ ಮಾಡಿಕೊಡುವುದು ಎಲ್ಲಿಯ ರೂಢಿ? ಆವಿಷ್ಕಾರದ ಕತೆಯನ್ನು ತೊಂದರೆಯಿಂದ ಶುರು ಮಾಡಬೇಕು. ಯಾರಿಗೆ ಏನು ಕಷ್ಟವಿತ್ತು? ಆ ಕಷ್ಟ ಮಕ್ಕಳಿಗೆ ಮೊದಲು ತಟ್ಟಬೇಕು. ಹೆಸರು ಆಮೇಲೆ ತಾನಾಗಿಯೇ ಉಳಿಯುತ್ತದೆ.

ವ್ಯಾಟ್‌ನ ಕತೆಯನ್ನೇ ನೋಡಿ. ಹುಡುಗ ಒಲೆಯ ಮುಂದೆ ಕುಳಿತಿದ್ದನಂತೆ, ನೀರು ಕುದಿದು ಕೆಟಲಿನ ಮುಚ್ಚಳ ಕುಣಿಯಿತಂತೆ, ಅದನ್ನು ಕಂಡು ಉಗಿಯಂತ್ರ ಹೊಳೆಯಿತಂತೆ. ಅಷ್ಟೇ ಕೇಳಿದ ಮಗು, ಇಂಥದ್ದು ಹೊಳೆಯುವುದಕ್ಕೆ ಬೇರೆಯೇ ತಲೆ ಬೇಕು ಎಂದು ತೀರ್ಮಾನಿಸಿಬಿಡುತ್ತದೆ. ಅದರ ಮನೆಯಲ್ಲೂ ದಿನಾ ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತದೆ, ಏನೂ ಹೊಳೆಯುವುದಿಲ್ಲ.

ನಡೆದದ್ದು ಇದಕ್ಕಿಂತ ಎಷ್ಟೋ ಸ್ವಾರಸ್ಯವಾಗಿದೆ. ವ್ಯಾಟ್ ಹುಟ್ಟುವುದಕ್ಕೂ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕೋಮನ್ ಎಂಬಾತನ ಉಗಿಯಂತ್ರ ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲ ಗಣಿಯಲ್ಲಿ ನೀರೆತ್ತುತ್ತಿತ್ತು. 1763ರ ಚಳಿಗಾಲದಲ್ಲಿ ಆ ಯಂತ್ರದ ಒಂದು ಸಣ್ಣ ಮಾದರಿ ಕೆಟ್ಟು, ದುರಸ್ತಿಗೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣ ತಯಾರಕನ ಕೈಗೆ ಬಂತು. ಆತನೇ ವ್ಯಾಟ್. ರಿಪೇರಿ ಮಾಡಿದ. ಯಂತ್ರ ಕೆಲವೇ ಸಲ ಆಡಿ ನಿಂತುಬಿಡುತ್ತಿತ್ತು. ಯಾಕೆ ಎಂದು ಆತ ಬೆನ್ನು ಹತ್ತಿದ. ಆ ಯಂತ್ರದಲ್ಲಿ ಉಗಿಯನ್ನು ಸಿಲಿಂಡರಿನೊಳಗೆ ತುಂಬಿ, ಅಲ್ಲಿಯೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಆಗ ಒಳಗೆ ನಿರ್ವಾತ ಉಂಟಾಗಿ ಹೊರಗಿನ ಗಾಳಿಯ ಒತ್ತಡ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಕೆಳಕ್ಕೆ ತಳ್ಳುತ್ತಿತ್ತು. ಆದರೆ ಪ್ರತಿ ಸಲವೂ ಸಿಲಿಂಡರ್ ಕಾಯಬೇಕು, ತಣಿಯಬೇಕು, ಮತ್ತೆ ಕಾಯಬೇಕು. ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ: ಅಮ್ಮ ಒಂದೊಂದು ದೋಸೆ ಎತ್ತಿದ ಮೇಲೂ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದು, ತಣ್ಣಗಾದ ಮೇಲೆ ಮತ್ತೆ ಒಲೆಗೆ ಇಟ್ಟರೆ ಎಷ್ಟು ಗ್ಯಾಸ್ ಖರ್ಚಾದೀತು? ಮಕ್ಕಳು ಕೂಡಲೇ ಕೂಗುತ್ತಾರೆ. ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ಒಂದಿಬ್ಬರು ತಾವೇ ದಾರಿ ಹುಡುಕಿಬಿಡುತ್ತಾರೆ: ತಣ್ಣಗೆ ಮಾಡುವುದಕ್ಕೆ ಬೇರೆ ಪಾತ್ರೆ ಇಡಬೇಕು. 1765ರಲ್ಲಿ ವ್ಯಾಟ್‌ಗೆ ಹೊಳೆದದ್ದು ಅದೇ. ಉಗಿಯನ್ನು ತಣಿಸುವ ಕೆಲಸವನ್ನು ಸಿಲಿಂಡರಿನಿಂದ ಬಿಡಿಸಿ ಬೇರೆ ಪಾತ್ರೆಗೆ ಒಪ್ಪಿಸಿದ.

ಕತೆ ಅಲ್ಲಿಗೂ ಮುಗಿಯುವುದಿಲ್ಲ. ಉಪಾಯ ಹೊಳೆದ ಮೇಲೆ ಯಂತ್ರ ಗಣಿಯಲ್ಲಿ ನಿಜವಾಗಿ ದುಡಿಯತೊಡಗಿದ್ದು 1776ರಲ್ಲಿ. ನಡುವಿನ ವರ್ಷಗಳಲ್ಲಿ ಉಗಿ ಸೋರದಷ್ಟು ದುಂಡಗಿನ ಸಿಲಿಂಡರ್ ಮಾಡುವವರೇ ಸಿಗಲಿಲ್ಲ. ಕೊನೆಗೆ ಒದಗಿದ್ದು ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ. ಫಿರಂಗಿಯ ಕೊಳವೆ ಕೊರೆಯಲು ಆತ ಕಂಡುಕೊಂಡಿದ್ದ ವಿಧಾನ ವ್ಯಾಟ್‌ನ ಸಿಲಿಂಡರಿಗೆ ಕೂಡಿಬಂತು. ಹಣ ಹಾಕಿ ಜೊತೆ ನಿಂತವನು ಮ್ಯಾಥ್ಯೂ ಬೋಲ್ಟನ್. ನ್ಯೂಕೋಮನ್, ವ್ಯಾಟ್, ವಿಲ್ಕಿನ್ಸನ್, ಬೋಲ್ಟನ್: ‘ಬ’ ಪಟ್ಟಿಯ ಒಂದು ಉಗಿಯಂತ್ರಕ್ಕೆ ‘ಅ’ ಪಟ್ಟಿಯಿಂದ ಎಷ್ಟು ಗೆರೆ ಎಳೆಯಬೇಕು!

ಎಡಿಸನ್‌ನ ವಿಷಯವೂ ಹೀಗೆಯೇ. 1879ರಲ್ಲಿ ಅಮೆರಿಕದ ಮೆನ್ಲೊ ಪಾರ್ಕ್ ಎಂಬ ಊರಿನ ಅವನ ಪ್ರಯೋಗಾಲಯದಲ್ಲಿ ಸುಟ್ಟು ಇದ್ದಿಲಾಗಿಸಿದ ಹತ್ತಿಯ ದಾರ ಗಾಜಿನ ಬುರುಡೆಯೊಳಗೆ ಗಂಟೆಗಟ್ಟಲೆ ಉರಿದದ್ದು ನಿಜ. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಕೂಡ ದೀಪ ಉರಿಸಿದ್ದ. ಇಂಗಾಲದ ತಂತುವನ್ನು ತಯಾರಿಸುವ ಉತ್ತಮ ವಿಧಾನಕ್ಕೆ 1882ರಲ್ಲಿ ಪೇಟೆಂಟ್ ಪಡೆದ ಲೂಯಿಸ್ ಲ್ಯಾಟಿಮರ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ದಂಪತಿಯ ಮಗ. ಇವರನ್ನೂ ಹೇಳಿದರೆ ಎಡಿಸನ್ ಸಣ್ಣವನಾಗುವುದಿಲ್ಲ. ಒಂದೇ ಛಾವಣಿಯ ಕೆಳಗೆ ಹಲವು ಕುಶಲಿಗಳನ್ನು ಕೂರಿಸಿ ಕೆಲಸ ಮಾಡಿಸಿದ ಅವನ ನಿಜವಾದ ಹೆಚ್ಚುಗಾರಿಕೆ ಆಗಲೇ ಮಕ್ಕಳಿಗೆ ಕಾಣುವುದು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕತೆ ಲೂಯಿ ಬ್ರೈಲ್‌ನದು. ಕೇಳುವ ಮಕ್ಕಳ ವಯಸ್ಸಿನವನೇ ಆದ ಆವಿಷ್ಕಾರಕ ಅವನು. ಪ್ಯಾರಿಸ್ಸಿನ ಹತ್ತಿರದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರಲ್ಲಿ ಹುಟ್ಟಿದ. ಅಪ್ಪ ಕುದುರೆಯ ಜೀನು, ಲಗಾಮು ಹೊಲಿಯುವವನು. ಮೂರು ವರ್ಷದ ಮಗು ಅಪ್ಪನ ಕೆಲಸದ ಕೋಣೆಯಲ್ಲಿ ಚರ್ಮಕ್ಕೆ ತೂತು ಹಾಕುವ ಮೊನಚಾದ ಉಪಕರಣ ಹಿಡಿದು ಆಡುವಾಗ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋದವು. ಹತ್ತನೆಯ ವಯಸ್ಸಿಗೆ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿ ಪುಸ್ತಕಗಳಿದ್ದವು. ದಪ್ಪ ಕಾಗದದ ಮೇಲೆ ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ಭಾರಿ ಪುಸ್ತಕಗಳು. ಒಂದೊಂದು ಅಕ್ಷರದ ಸುತ್ತಲೂ ಬೆರಳಾಡಿಸಿ ಓದಬೇಕು. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಇನ್ನು ಬರೆಯುವುದಂತೂ ಸಾಧ್ಯವೇ ಇರಲಿಲ್ಲ.

ಈ ಹಂತದಲ್ಲಿ ನಾನು ಕತೆ ನಿಲ್ಲಿಸುತ್ತೇನೆ. ರಟ್ಟಿನ ಮೇಲೆ ಅಂಟಿನಿಂದ ಉಬ್ಬಾಗಿ ಬರೆದು ಒಣಗಿಸಿದ ಕನ್ನಡ ಅಕ್ಷರಗಳನ್ನು ಕಣ್ಣು ಮುಚ್ಚಿದ ಮಕ್ಕಳ ಕೈಗೆ ಕೊಡುತ್ತೇನೆ. ‘ಣ’ ಯಾವುದು, ‘ಜ’ ಯಾವುದು, ‘ಮ’ ಯಾವುದು, ‘ಯ’ ಯಾವುದು? ಬೆರಳು ತಡವರಿಸುತ್ತದೆ. ‘ಷ್ಟ್ರ’ ಕೊಟ್ಟರೆ ಕೈಚೆಲ್ಲುತ್ತಾರೆ. ಕಷ್ಟ ಏನೆಂದು ಬೆರಳಿಗೆ ಗೊತ್ತಾದ ಮೇಲೆ ಕತೆ ಮುಂದುವರಿಸಬಹುದು.

ಶಾರ್ಲ್ ಬಾರ್ಬಿಯೆ ಎಂಬಾತ ಚುಕ್ಕಿಗಳಿಂದ ಬರೆಯುವ ಒಂದು ಪದ್ಧತಿಯನ್ನು ಆ ಶಾಲೆಗೆ ಪರಿಚಯಿಸಿದ್ದ. ಹನ್ನೆರಡು ಚುಕ್ಕಿಗಳ ಮನೆ ಅದು. ಒಂದು ಬೆರಳ ತುದಿಗೆ ಒಮ್ಮೆಗೇ ಸಿಗುವುದಿಲ್ಲ. ಅಕ್ಷರಕ್ಕಲ್ಲ, ಉಚ್ಚಾರಣೆಗೆ ಸಂಕೇತ ಕೊಟ್ಟಿದ್ದರಿಂದ ಕಾಗುಣಿತ ಕಲಿಯಲು ಬರುವುದಿಲ್ಲ, ವಿರಾಮ ಚಿಹ್ನೆಗಳೂ ಇಲ್ಲ. ಹುಡುಗ ಬ್ರೈಲ್ ಅದನ್ನು ಹಿಡಿದು ಕುಳಿತ. ಹನ್ನೆರಡನ್ನು ಆರಕ್ಕೆ ಇಳಿಸಿದ: ಮೇಲಿನಿಂದ ಕೆಳಕ್ಕೆ ಎರಡು ಸಾಲು, ಸಾಲಿಗೆ ಮೂರು. ಈಗ ಇಡೀ ಅಕ್ಷರ ಒಂದೇ ಬೆರಳಿನ ಅಡಿಯಲ್ಲಿ. 1824ರ ಹೊತ್ತಿಗೆ, ಹದಿನೈದನೆಯ ವಯಸ್ಸಿಗೆ, ಪದ್ಧತಿ ಸಿದ್ಧವಾಗಿತ್ತು. 1829ರಲ್ಲಿ ಪ್ರಕಟಿಸಿದ. ಶಾಲೆ ನಡೆಸುವವರಿಗೆ ಇಷ್ಟವಾಗಲಿಲ್ಲ. ಕಣ್ಣಿದ್ದವರಿಗೆ ಓದಲು ಬಾರದ ಲಿಪಿ ಅವರಿಗೆ ಬೇಡವಾಗಿತ್ತು. ಆದರೆ ಅಂಧ ಮಕ್ಕಳು ಬಿಡಲಿಲ್ಲ, ತಮ್ಮ ತಮ್ಮಲ್ಲೇ ಕಲಿತು ಬಳಸಿದರು. ಬ್ರೈಲ್ ಕ್ಷಯದಿಂದ ತೀರಿಕೊಂಡದ್ದು 1852ರಲ್ಲಿ. ಅವನು ಓದಿ, ಮುಂದೆ ಪಾಠ ಹೇಳಿದ ಅದೇ ಶಾಲೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ.

ಆರು ಚುಕ್ಕಿಯಿಂದ ಎಷ್ಟು ಗುರುತು ಮಾಡಬಹುದು? ಏಳನೆಯ ತರಗತಿಯ ಮಕ್ಕಳು ಬಳಪ ಹಿಡಿದು ಕುಳಿತರೆ ಲೆಕ್ಕ ಮಾಡಿಯೇ ಬಿಡುತ್ತಾರೆ. ಪ್ರತಿ ಚುಕ್ಕಿಯೂ ಉಬ್ಬಿರಬಹುದು ಇಲ್ಲವೇ ಉಬ್ಬದಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64, ಪೂರ್ತಿ ಖಾಲಿ ಮನೆ ಬಿಟ್ಟರೆ 63. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಅದರಲ್ಲಿ ಕನ್ನಡದ ‘ಅ’ ಎಂದರೆ ಎಡಸಾಲಿನ ಮೇಲಿನ ಒಂದೇ ಚುಕ್ಕಿ. ‘ಕ’ ಎಂದರೆ ಎಡಸಾಲಿನ ಮೇಲಿನದು ಮತ್ತು ಕೆಳಗಿನದು. ತಮಿಳಿನ, ಹಿಂದಿಯ ‘ಕ’ಕ್ಕೂ ಅವೇ ಎರಡು ಚುಕ್ಕಿ. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಲಿಪಿಗಳು ಬೆರಳಿಗೆ ಒಂದೇ ಆಗುವುದನ್ನು ಕೇಳಿ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಆಮೇಲೆ ದಪ್ಪ ಕಾಗದದ ಕೆಳಗೆ ಹಳೆಯ ರಬ್ಬರ್ ಚಾಪೆಯ ತುಂಡು ಇಟ್ಟು, ಖಾಲಿ ರೀಫಿಲ್ಲಿನ ತುದಿಯಿಂದ ತಮ್ಮ ತಮ್ಮ ಹೆಸರು ಚುಚ್ಚುತ್ತಾರೆ. ಹಿಂದಿನಿಂದ ಚುಚ್ಚಿ ಮುಂದಿನಿಂದ ಓದಬೇಕಾದ್ದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವ ಹಾಗೆ ಬರೆಯಬೇಕು ಎಂಬುದನ್ನು ನಾನು ಮೊದಲೇ ಹೇಳುವುದಿಲ್ಲ. ಒಂದು ಕಾಗದ ಹಾಳಾದ ಮೇಲೆ ಅವರೇ ಕಂಡುಕೊಳ್ಳುತ್ತಾರೆ.

ಹುಡುಗಿಯರು ಕೇಳುವ ಪ್ರಶ್ನೆ ಒಂದಿದೆ, ಕೇಳದಿದ್ದರೂ ಅದಕ್ಕೆ ಉತ್ತರ ಸಿದ್ಧವಿರಬೇಕು: ಎಲ್ಲರೂ ಗಂಡಸರೇ ಯಾಕೆ? ನಾನು ಮಾರ್ಗರೆಟ್ ನೈಟ್‌ಳ ಕತೆ ಹೇಳುತ್ತೇನೆ. 1838ರಲ್ಲಿ ಅಮೆರಿಕದಲ್ಲಿ ಹುಟ್ಟಿದವಳು. ಹನ್ನೆರಡರ ಸುಮಾರಿಗೆ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದಳು. ಒಂದು ದಿನ ಮಗ್ಗದಿಂದ ಉಕ್ಕಿನ ತುದಿಯ ಲಾಳಿ ಹಾರಿ ಜೊತೆಯ ಹುಡುಗನಿಗೆ ಚುಚ್ಚಿತು. ಅದು ಹಾರದ ಹಾಗೆ ತಡೆಯುವ ಉಪಾಯವನ್ನು ಆ ಹುಡುಗಿ ಕಂಡುಹಿಡಿದಳು. ಪೇಟೆಂಟ್ ಎಂಬ ಮಾತೇ ಅವಳಿಗೆ ಗೊತ್ತಿರಲಿಲ್ಲ. ನೇಕಾರರ ಮನೆಯ ಮಕ್ಕಳು ಇದನ್ನು ಕೇಳುವಾಗ ಮುಂದಕ್ಕೆ ಬಾಗುತ್ತಾರೆ, ಲಾಳಿ ಅವರ ಮನೆಯ ವಸ್ತು.

ದೊಡ್ಡವಳಾದ ಮೇಲೆ ಕಾಗದದ ಚೀಲದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆಗಿನ ಯಂತ್ರಗಳು ಲಕೋಟೆಯಂಥ ಚಪ್ಪಟೆ ಚೀಲ ಮಾತ್ರ ಮಾಡುತ್ತಿದ್ದವು. ತಳ ಅಗಲವಾಗಿ ನೆಟ್ಟಗೆ ನಿಲ್ಲುವ ಚೀಲವನ್ನು ಕೈಯಿಂದಲೇ ಅಂಟಿಸಬೇಕಿತ್ತು. ನೈಟ್ ಮರದ ಮಾದರಿ ಮಾಡಿದಳು, ಆಮೇಲೆ ಕಬ್ಬಿಣದ ಯಂತ್ರ ಮಾಡಿಸಲು ಬಾಸ್ಟನ್ನಿಗೆ ಹೋದಳು. ಅಲ್ಲಿ ಅದನ್ನು ನೋಡಿದ ಚಾರ್ಲ್ಸ್ ಅನ್ನನ್ ಎಂಬವನು ತನ್ನ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನೈಟ್ ಅವನ ವಿರುದ್ಧ ದಾವೆ ಹೂಡಿದಳು. ಇಂಥ ಯಂತ್ರ ಹೆಣ್ಣಿನ ತಲೆಗೆ ಹೊಳೆಯುವಂಥದ್ದಲ್ಲ ಎಂಬುದು ಅವನ ವಾದವಾಗಿತ್ತಂತೆ. ಅವಳು ತನ್ನ ನಕ್ಷೆಗಳನ್ನು, ಮಾದರಿಗಳನ್ನು, ಟಿಪ್ಪಣಿಗಳನ್ನು ಮುಂದಿಟ್ಟಳು, ಸಾಕ್ಷಿಗಳನ್ನು ಕರೆತಂದಳು, ಗೆದ್ದಳು. 1871ರಲ್ಲಿ ಪೇಟೆಂಟ್ ಅವಳ ಹೆಸರಿಗೆ ಬಂತು. ಜೀವನದಲ್ಲಿ ಒಟ್ಟು ಇಪ್ಪತ್ತಕ್ಕೂ ಹೆಚ್ಚು ಪೇಟೆಂಟ್ ಪಡೆದಳು. ಈ ಕತೆಯ ದಿನ ನಾವು ಹಳೆಯ ವೃತ್ತಪತ್ರಿಕೆ, ಮೈದಾ ಅಂಟು ಇಟ್ಟುಕೊಂಡು ಚೀಲ ಮಾಡುತ್ತೇವೆ. ತಳ ನಿಲ್ಲುವ ಹಾಗೆ ಮಡಚುವುದು ಕೈಗೇ ಕಷ್ಟ. ಅದನ್ನು ಕಬ್ಬಿಣಕ್ಕೆ ಕಲಿಸಿದವಳ ಬಗ್ಗೆ ಮಕ್ಕಳಲ್ಲಿ ಹುಟ್ಟುವ ಗೌರವ ಭಾಷಣದಿಂದ ಹುಟ್ಟುವಂಥದ್ದಲ್ಲ. ತಾರೀಖು ಹಾಕಿ ಟಿಪ್ಪಣಿ ಬರೆದಿಡಬೇಕು ಎಂಬುದನ್ನೂ ಅವರು ಅವಳಿಂದಲೇ ಕಲಿತರು. ಈಗ ಕೆಲವರ ಬಳಿ ಅದಕ್ಕೆಂದೇ ಒಂದು ನೋಟ್ ಪುಸ್ತಕ ಇದೆ.

ನಮ್ಮವರ ಕತೆ ಹೇಳುವಾಗ ಬೇರೆಯದೇ ಸಂಕಟ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ, ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಬೀದಿ ದೀಪದ ಕೆಳಗೆ ಓದಿದರು, ಸಮಯಪಾಲನೆ, ಶಿಸ್ತು, ಕನ್ನಂಬಾಡಿ ಕಟ್ಟೆ ಎಂದು ಮಕ್ಕಳು ಭಾಷಣವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅವರ ಹೆಸರಿನ ಆವಿಷ್ಕಾರ ಯಾವುದು ಎಂದು ಕೇಳಿ ನೋಡಿ, ದೊಡ್ಡವರೂ ಸುಮ್ಮನಾಗುತ್ತಾರೆ. ಅವರು ರೂಪಿಸಿ ಪೇಟೆಂಟ್ ಪಡೆದ, ತಾವಾಗಿಯೇ ತೆರೆದು ಮುಚ್ಚುವ ಪ್ರವಾಹ ಬಾಗಿಲುಗಳು 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯದಲ್ಲಿ ಮೊದಲು ಬಂದವು. ಆಮೇಲೆ ಗ್ವಾಲಿಯರಿನ ತಿಗ್ರಾದಲ್ಲಿ, ಕೃಷ್ಣರಾಜಸಾಗರದಲ್ಲಿ.

ಈ ತೊಂದರೆಯನ್ನು ಮಕ್ಕಳ ಮುಂದಿಡುವುದು ಸುಲಭ. ಅಣೆಕಟ್ಟೆಯಲ್ಲಿ ಇನ್ನಷ್ಟು ನೀರು ನಿಲ್ಲಿಸಬೇಕು. ಕಟ್ಟೆಯನ್ನೇ ಎತ್ತರಿಸಿದರೆ ಗೋಡೆಯ ಮೇಲೆ ಹೊರೆ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ. ಹೆಚ್ಚುವರಿ ನೀರು ಹರಿದುಹೋಗುವ ಕೋಡಿಗೆ ಬಾಗಿಲಿಟ್ಟರೆ ನೀರು ನಿಲ್ಲುತ್ತದೆ, ಆದರೆ ನಡುರಾತ್ರಿ ಪ್ರವಾಹ ಬಂದರೆ ಬಾಗಿಲು ತೆರೆಯುವವರು ಯಾರು? ಮಕ್ಕಳು ಕಾವಲುಗಾರ ಎನ್ನುತ್ತಾರೆ, ಗಂಟೆ ಎನ್ನುತ್ತಾರೆ, ಈಗಿನವರು ಮೊಬೈಲ್ ಎನ್ನುತ್ತಾರೆ. ನೀರೇ ತೆರೆಯಲಿ ಎಂದು ಯಾರಾದರೂ ಒಬ್ಬರು ಹೇಳುವವರೆಗೆ ಕಾಯಬೇಕು. ವಿಶ್ವೇಶ್ವರಯ್ಯನವರ ಏರ್ಪಾಟು ಅದೇ: ಮಟ್ಟ ಮೀರಿದ ನೀರಿನ ಬಲದಿಂದಲೇ ಬಾಗಿಲು ಮೇಲೇಳುತ್ತದೆ, ಪ್ರವಾಹ ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥ ಬುದ್ಧಿಯನ್ನು ಬಿಟ್ಟು ನಾವು ಅವರ ಕೋಟಿನ ಇಸ್ತ್ರಿಯನ್ನೇ ಹೊಗಳುತ್ತ ಬಂದಿದ್ದೇವೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಆ ಬಾಗಿಲಿನ ಬಿಡಿ ಭಾಗಗಳನ್ನು ಬಿಡಿಸಿ ತೋರಿಸುವ ಒಂದು ಒಳ್ಳೆಯ ಚಿತ್ರಪುಸ್ತಕ ಕನ್ನಡದ ಪ್ರತಿ ಶಾಲೆಯಲ್ಲಿ ಇರಬೇಕಿತ್ತು.

ಹೆಸರೇ ಇಲ್ಲದ ಆವಿಷ್ಕಾರಕರ ಕತೆಯೂ ಹೇಳಬೇಕಾದದ್ದೇ. ಬೀಜ ಬಿತ್ತುವ ಯಂತ್ರ ಎಂದೊಡನೆ ಪಠ್ಯಗಳು 1701ರ ಜೆತ್ರೊ ಟಲ್‌ನನ್ನು ನೆನೆಯುತ್ತವೆ. ನಮ್ಮ ಕಡೆಯ ರೈತರ ಮನೆಯ ಮೂಲೆಯಲ್ಲಿ ಕೂರಿಗೆ ಒರಗಿ ನಿಂತಿರುತ್ತದೆ. ಮೇಲೆ ಮರದ ಬಟ್ಟಲು, ಅದರ ತಳದ ತೂತುಗಳಿಂದ ಇಳಿದ ಬಿದಿರಿನ ಕೊಳವೆಗಳು, ಕೊಳವೆಯ ಬುಡದಲ್ಲಿ ಸಾಲು ಸೀಳುವ ಹಲ್ಲುಗಳು. ಒಂದೇ ಓಟಕ್ಕೆ ಹಲವು ಸಾಲುಗಳಲ್ಲಿ ಬೀಜ ಹದವಾದ ಆಳಕ್ಕೆ ಬೀಳುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳು, ತಮ್ಮ ದೇಶದ ಹೊಸ ಸಾಧನ ಎಂದುಕೊಂಡಿದ್ದ ವಸ್ತು ಇಲ್ಲಿ ಬಡಗಿಗಳ ಕೈಯಲ್ಲಿ ಹಿಂದಿನಿಂದ ತಯಾರಾಗುತ್ತಿರುವುದನ್ನು ಕಂಡು ಅದರ ವಿವರ ಬರೆದು ಕಳಿಸಿದರು. ಮೊದಲ ಕೂರಿಗೆ ಮಾಡಿದ ಬಡಗಿ ಯಾರು? ಬಟ್ಟಲಿಗೆ ಎಷ್ಟು ತೂತು ಬೇಕು ಎಂದು ಅಳೆದವರು ಯಾರು? ಕೈಬೆರಳಿನ ಸಂದಿಯಿಂದ ಕಾಳನ್ನು ಸಮವಾಗಿ ಬಿಡುವ ಲಯ ಕಂಡುಕೊಂಡ ಹೆಣ್ಣುಮಗಳು ಯಾರು? ಅವರಿಗೆ ‘ಅ’ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಆ ಕೂರಿಗೆಯ ವಂಶದವರೊಬ್ಬರು ನಮ್ಮ ನಡುವೆಯೇ ಇದ್ದಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆ, ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಮೊದಲಾದವನ್ನು ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಪದ್ಮಶ್ರೀಗಿಂತ ಇಷ್ಟವಾಗುವುದು ಅವರ ಎಳೆಯ ದಿನಗಳ ಒಂದು ಉಪಾಯ. ಬೆಳಿಗ್ಗೆ ಅಲಾರಾಂ ಹೊಡೆದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಗಡಿಯಾರ ಬಾರಿಸುವಾಗ ಅದರ ಕೀಲಿ ತಿರುಗುವುದನ್ನು ಗಮನಿಸಿ, ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಕಟ್ಟಿದರು. ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು, ಬಾಟಲಿ ಬಾಗಿ, ಮುಖದ ಮೇಲೆ ನೀರು! ಕಷ್ಟ, ಗಮನ, ಕೈಗೆ ಸಿಕ್ಕ ಸಾಮಾನು: ದೊಡ್ಡ ಯಂತ್ರಗಳನ್ನು ಮಾಡಿದ್ದೂ ಇದೇ ದಾರಿಯಲ್ಲಿ. ಈ ಕತೆಯ ಮರುವಾರ ಕೆಲವು ತಾಯಂದಿರು ನನ್ನನ್ನು ತಡೆದು ಹಾಸಿಗೆ ಒದ್ದೆಯಾದ ಸುದ್ದಿ ಹೇಳಿದರು. ನನಗೆ ಆ ವಾರವಿಡೀ ಸಂತೋಷವಾಗಿತ್ತು.

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇನ್ನೊಂದು ಕತೆಯನ್ನೂ ಹೇಳುತ್ತೇನೆ. ಎಳೆಯರಿಗೆ ಇದೆಲ್ಲ ಯಾಕೆ ಎಂದು ಕೆಲವು ಹಿರಿಯರು ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ಥಾಮಸ್ ಮಿಜ್ಲಿ ಅಮೆರಿಕದ ಬಹಳ ಜಾಣ ಎಂಜಿನಿಯರ್. ಎಂಜಿನ್ ಬಡಿದುಕೊಳ್ಳುವುದನ್ನು ತಡೆಯಲು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಬಹುದೆಂದು 1921ರಲ್ಲಿ ಕಂಡುಹಿಡಿದ. ಸೀಸ ವಿಷವೆಂಬುದು ಆಗಲೇ ಜಗತ್ತಿಗೆ ಗೊತ್ತಿತ್ತು. ಸ್ವತಃ ಅವನೇ ಸೀಸದ ವಿಷ ತಗುಲಿ ಕೆಲಸ ಬಿಟ್ಟು ವಿಶ್ರಾಂತಿ ಪಡೆಯಬೇಕಾಯಿತು. 1924ರಲ್ಲಿ ತಯಾರಿಕೆಯ ಸ್ಥಾವರವೊಂದರಲ್ಲಿ ಕಾರ್ಮಿಕರು ಮತಿಭ್ರಮಣೆಗೊಂಡು ಸತ್ತರು. ಆಗ ಪತ್ರಕರ್ತರನ್ನು ಕರೆದು ಅವರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ, ಏನೂ ಅಪಾಯವಿಲ್ಲ ಎಂದು ತೋರಿಸಿದವನು ಇದೇ ಮಿಜ್ಲಿ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಕೈಬಿಟ್ಟದ್ದು 2021ರಲ್ಲಿ.

ಅದೇ ಮಿಜ್ಲಿ ಇನ್ನೊಂದನ್ನೂ ಮಾಡಿದ. ಆಗಿನ ಫ್ರಿಜ್ಜುಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡಿನಂಥ ವಿಷಾನಿಲಗಳಿರುತ್ತಿದ್ದವು, ಸೋರಿದರೆ ಮನೆಯವರಿಗೆ ಅಪಾಯ. ಅದಕ್ಕೆ ಬದಲಾಗಿ ಉರಿಯದ, ವಿಷವಲ್ಲದ ಅನಿಲವೊಂದನ್ನು ಅವನ ತಂಡ ತಯಾರಿಸಿತು. 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಉಸಿರಿಗೆ ಎಳೆದುಕೊಂಡು, ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ಎಷ್ಟೋ ಜೀವ ಉಳಿಸಿದ ಆ ಅನಿಲವೇ ಮುಂದೆ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಹೇಳಿದ್ದು 1974ರಲ್ಲಿ. ಮಿಜ್ಲಿ ತೀರಿಕೊಂಡು ಆಗಲೇ ಸುಮಾರು ಮೂವತ್ತು ವರ್ಷಗಳಾಗಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಆ ಅನಿಲಗಳು ಕ್ರಮೇಣ ಬಳಕೆಯಿಂದ ಹೋದವು.

ಇದನ್ನು ಹೇಳಿದ ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಅಕ್ಕಾ, ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸೀಸ, ಅನಿಲ ಎರಡನ್ನೂ ಬೇರೆ ಬೇರೆಯಾಗಿ ನೋಡಿ ಎಂದೆ: ಅವನಿಗೆ ಯಾವುದು ಗೊತ್ತಿತ್ತು, ಯಾವುದು ಗೊತ್ತಿರಲು ಸಾಧ್ಯವೇ ಇರಲಿಲ್ಲ? ಸೀಸದ ವಿಷಯದಲ್ಲಿ ಎಲ್ಲರೂ ಒಂದೇ ಕಡೆ ನಿಂತರು. ಅನಿಲದ ವಿಷಯದಲ್ಲಿ ಗುಂಪು ಎರಡಾಯಿತು. ಮೊದಲೇ ಇನ್ನಷ್ಟು ಪರೀಕ್ಷೆ ಮಾಡಬೇಕಿತ್ತು ಎಂದು ಒಂದು ಪಕ್ಷ, ಆಕಾಶದ ತುದಿಯಲ್ಲಿ ಏನಾಗುತ್ತದೆಂದು ಆಗ ಯಾರಿಗೆ ತಿಳಿಯಲು ಸಾಧ್ಯವಿತ್ತು ಎಂದು ಇನ್ನೊಂದು. ಗ್ರಂಥಾಲಯದ ಮೇಲ್ವಿಚಾರಕರು ಬಾಗಿಲು ಹಾಕಲು ಬಂದು ನಿಂತರೂ ವಾದ ಮುಗಿದಿರಲಿಲ್ಲ. ಹಾಗಾದರೆ ಪ್ಲಾಸ್ಟಿಕ್ ಕಂಡುಹಿಡಿದವರಿಗೆ ಏನು ಹೇಳುತ್ತೀರಿ ಎಂದು ಅವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಹೊರಗೆ ನಡೆದರು. ಬರುವ ಶನಿವಾರಕ್ಕೆ ಅದೇ ವಿಷಯ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ತಯಾರಿಸಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನಿಂದ ಆರಂಭಿಸಬೇಕೆಂದಿದ್ದೇನೆ. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳನ್ನು ಹುಡುಕಿ ತರುವ ಕೆಲಸವನ್ನು ಮಕ್ಕಳು ವಹಿಸಿಕೊಂಡಿದ್ದಾರೆ.